ಹೊರಮಾವಿನ ಕಂದಾಯವೂ ನೀರೂ

ಬೆಂಗಳೂರಿನ ಈಶಾನ್ಯದಿಕ್ಕಿನಲ್ಲಿ ಕೃಷ್ಣರಾಜಪುರ ಹೋಬಳಿಗೆ ಸೇರಿದ ಹೊರಮಾವು ಗ್ರಾಮವು 2007ನೆಯ ಇಸವಿಯವರೆಗೂ ಪಂಚಾಯತಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಆ ವರ್ಷ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಗ್ರಾಮಗಳೂ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಲೀನವಾದಾಗ ಇದೂ ಲೀನವಾಯಿತು. ಊರಿನ ಅಧಿಕಾರವು ಊರಿನಿಂದ ಹೊರಗೆ ಹೋದ ಬಳಿಕ, ಕಂದಾಯಕ್ಕೂ ಸೌಕರ್ಯಕ್ಕೂ ಇದ್ದ ಸಂಬಂಧವು ಏನಾಯಿತೆಂಬುದು ವಿಚಾರಾರ್ಹವಾಗಿದೆ.

ಈ ಸಂಬಂಧವು ನಮ್ಮ ನಾಡಿನಲ್ಲಿ ಬಹು ಹಳೆಯದು. ಬೆಳ್ಳಂದೂರಿನ ಸಮೀಪದ ಆಗರದಲ್ಲಿ ದೊರೆತ ಗಂಗರ ಕಾಲದ ಒಂಬತ್ತನೆಯ ಶತಮಾನದ ಶಾಸನವು, ಎರಡು ಕೆರೆಗಳಿಗೆ ತೂಬನ್ನಿಡಿಸಿ ಮತ್ತೊಂದು ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟವು ಸಂದುದನ್ನು ಹೇಳುತ್ತದೆ. (ಹೊರಮಾವಿಗೆ ಹೊಂದಿಕೊಂಡೂ ಆಗರವೆಂಬ ಊರುಂಟು, ಎರಡನ್ನೂ ಬೆರೆಸಲಾಗದು.) ಬಿತ್ತುವಟ್ಟವೆಂದರೆ ಕೆರೆಯನ್ನು ಕಟ್ಟಿದವನಿಗೆ, ಅಥವಾ ಕಾಪಾಡುವವನಿಗೆ, ಬಿಟ್ಟುಕೊಟ್ಟ ಭೂಮಿ ಇಲ್ಲವೆ ಫಲದ ಪಾಲು. ಮುಂದಿನ ಕಾಲದ ಕಟ್ಟುಕೊಡಿಗೆಯೂ ಇದೇ ಜಾತಿಯದು. ನೀರಗಂಟಿಗೆ ಸಂಬಳವು ಕಣದಲ್ಲಿಯೇ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದಿತು. ಹಣವು ದೂರದ ಬೊಕ್ಕಸಕ್ಕೆ ಹೋಗಿ ಮರಳಿ ಬರಬೇಕಾಗಿರಲಿಲ್ಲ. ತೂಬು ಕೆಟ್ಟರೆ ಗದ್ದೆ ಒಣಗುವುದು. ಗದ್ದೆ ಒಣಗಿದರೆ ನೀರಗಂಟಿಗೆ ಪಾಲಿಲ್ಲ. ಕೊಡುವವನೂ ಉಣ್ಣುವವನೂ ದುಡಿಯುವವನೂ ಒಂದೇ ಏರಿಯ ಕೆಳಗೆ ಇದ್ದರು. ಹಾಗೆಂದು ಇದನ್ನು ಕೃತಯುಗದ ಏರ್ಪಾಡೆಂದು ಹೊಗಳುವವರ ಮಾತನ್ನು ಒಪ್ಪಲಾಗದು. ಭೂಮಿಯಿಲ್ಲದವನಿಗೆ ಆ ನೀರಿನಲ್ಲಿ ಹಕ್ಕಿರಲಿಲ್ಲ. ತೋಟಿ ನೀರಗಂಟಿಗಳ ದುಡಿಮೆಯು ಜಾತಿಗೆ ಕಟ್ಟುಬಿದ್ದಿದ್ದಿತು.

ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯತಿಗಳ ರೆಗ್ಯುಲೇಷನ್ನನ್ನೂ 1926ರಲ್ಲಿ ಗ್ರಾಮ ಪಂಚಾಯತಿಗಳ ರೆಗ್ಯುಲೇಷನ್ನನ್ನೂ ಜಾರಿಗೆ ತಂದಿತು. ಅನಂತರದ 1959, 1983, 1993ರ ಕಾಯಿದೆಗಳ ವಿವರವು ಇಲ್ಲಿ ಅನಾವಶ್ಯಕ.

2007ರ ಲೀನದಿಂದ ಹೊರಮಾವಿನ ಮನೆಕಂದಾಯವು ಪಾಲಿಕೆಗೆ ಸೇರಿತು. ನೀರಾದರೋ ಪಾಲಿಕೆಯ ಕೈಯಲ್ಲಿಲ್ಲ. ಅದು 1964ರಲ್ಲಿ ಹುಟ್ಟಿದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಗೆ ಸೇರಿದ್ದು, ಆ ಮಂಡಲಿಯು ರಾಜ್ಯಸರ್ಕಾರದ ಅಧೀನ. ಹೀಗೆ ತೆರಿಗೆ ಪಡೆಯುವವನೊಬ್ಬ, ನೀರು ಕೊಡುವವನು ಮತ್ತೊಬ್ಬ. 110 ಗ್ರಾಮಗಳನ್ನು ಉದ್ದೇಶಿಸಿದ ಕಾವೇರಿಯ ಐದನೆಯ ಹಂತವು, ದಿನಕ್ಕೆ 775 ದಶಲಕ್ಷ ಲೀಟರಿನ ಪ್ರಮಾಣದಲ್ಲಿ, ಉದ್ಘಾಟಿತವಾದುದು 2024ರ ಅಕ್ಟೋಬರ್ 16ರಂದು. ಕಂದಾಯವು ಒಮ್ಮೆಗೇ ನಗರವನ್ನು ಸೇರಿತು. ನೀರಿಗೆ ಹದಿನೇಳು ವರ್ಷ ಹಿಡಿಯಿತು. ನಡುವಣ ಕಾಲದಲ್ಲಿ ಈ ಗ್ರಾಮಗಳ ಜನರು ಪಾಲಿಕೆಗೆ ತೆರಿಗೆಯನ್ನು ತೆತ್ತು, ಕೊಳವೆಬಾವಿಗೂ ಟ್ಯಾಂಕರಿಗೂ ಮತ್ತೊಮ್ಮೆ ಬೆಲೆ ತೆತ್ತರು. ಈ ಎರಡನೆಯ ತೆರಿಗೆಯು ಯಾವ ಆಯವ್ಯಯಪತ್ರದಲ್ಲಿಯೂ ಕಾಣದು.

ದೊಡ್ಡ ನಗರವು ದೂರದ ನದಿಯಿಂದ ನೀರು ತರುವುದು ಗ್ರಾಮಕ್ಕೆ ಸಾಧ್ಯವಾಗದ ಕೆಲಸ, ಇದು ನಿಜ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಎತ್ತಿ ತರಲು ಯಾವ ಪಂಚಾಯತಿಗೂ ಶಕ್ತಿಯಿಲ್ಲ. ಆದರೆ ರಾಜಕಾಲುವೆಯ ಹೂಳು, ಕೆರೆಯ ಕೋಡಿ, ಬೀದಿಯ ಮೋರಿ ಇವು ಹಾಗಲ್ಲ. ಇವನ್ನು ಬಲ್ಲವನು ಸ್ಥಳದವನೇ. 2025ರ ಮೇ ತಿಂಗಳ ಮಳೆಯಲ್ಲಿ ಹೊರಮಾವಿನ ಸಾಯಿ ಬಡಾವಣೆಯ ಮನೆಗಳಿಗೆ ನೀರು ನುಗ್ಗಿದಾಗ ಅಲ್ಲಿನವರಿಗೆ ದೂರು ಹೇಳಿಕೊಳ್ಳಲು ಚುನಾಯಿತ ಪಾಲಿಕೆಸದಸ್ಯನೊಬ್ಬನೂ ಇರಲಿಲ್ಲ. ಪಾಲಿಕೆಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿಯೇ ತೀರಿದ್ದಿತು. 2025ರ ಸೆಪ್ಟೆಂಬರ್ 2ರಂದು ಮಹಾನಗರಪಾಲಿಕೆಯು ಐದಾಗಿ ಒಡೆದು, ಕೃಷ್ಣರಾಜಪುರದ ಭಾಗವು ಪೂರ್ವ ನಗರಪಾಲಿಕೆಗೆ ಸೇರಿತು. ನೀರಿನ ಮಂಡಲಿಯು ಒಂದಾಗಿಯೇ ಉಳಿಯಿತು.