ಗಣಕಯಂತ್ರದ ಕ್ರಮವಿಧಿ ಮತ್ತು ಸಂಗೀತ: ಆಕರಗಳ ದೃಷ್ಟಿಯಿಂದ ಒಂದು ವಿವೇಚನೆ

ಸಂಗೀತದ ಇತಿಹಾಸವನ್ನು ಬರೆಯಹೊರಟವನಿಗೆ ಎರಡು ಬಗೆಯ ಆಕರಗಳು ಒದಗುತ್ತವೆ. ಒಂದು ಬರವಣಿಗೆ: ಲಕ್ಷಣಗ್ರಂಥ, ಸ್ವರಲಿಪಿ, ಸಾಹಿತ್ಯ. ಇನ್ನೊಂದು ಕೇಳಿಕೆ: ಗುರುಮುಖದಿಂದ ಬಂದ ಪಾಠ ಮತ್ತು ಧ್ವನಿಮುದ್ರಿಕೆ. ಇವೆರಡರ ನಡುವಣ ಅಂತರವೆಷ್ಟೆಂಬುದನ್ನು ನಮ್ಮ ಸಂಗೀತಜ್ಞರಿಗೆ ವಿವರಿಸಬೇಕಾಗಿಲ್ಲ. ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಎಂದರೆ ಯಂತ್ರವು ಒಂದಾದಮೇಲೊಂದರಂತೆ ನಡೆಸತಕ್ಕ ಆಜ್ಞೆಗಳ ಸರಣಿಯನ್ನು, ಬರೆದುಕೊಟ್ಟು ಸಂಗೀತವನ್ನು ಹೊರಡಿಸುವ ಕಲೆ 1950ರ ಸುಮಾರಿನಲ್ಲಿ ಹುಟ್ಟಿತು. ಇಲ್ಲಿ ಬರವಣಿಗೆಯೇ ನಾದಕ್ಕೆ ಕಾರಣವಾದುದರಿಂದ ಮೇಲೆ ಹೇಳಿದ ಅಂತರ ಅಳಿದುಹೋಯಿತೆಂದು ಮೇಲುನೋಟಕ್ಕೆ ತೋರಬಹುದು. ವಸ್ತುಸ್ಥಿತಿ ಹಾಗಿಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲ ಎರಡು ನಿದರ್ಶನಗಳೇ ಈ ಮಾತಿಗೆ ಸಾಕ್ಷಿಯಾಗಿವೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಿರ್ಮಿತವಾಗಿ, ಮುಂದೆ ಸೈರಾಕ್ ಎಂದು ಹೆಸರಾದ ಯಂತ್ರಕ್ಕೆ ಒಂದು ಧ್ವನಿವರ್ಧಕವಿತ್ತು. ಕ್ರಮವಿಧಿ ಎಲ್ಲಿಯವರೆಗೆ ನಡೆದಿದೆಯೆಂಬುದನ್ನು ನಿರ್ವಾಹಕರು ಕಿವಿಯಿಂದಲೇ ತಿಳಿಯಲೆಂದು ಅದನ್ನು ಅಳವಡಿಸಿದ್ದರು. ಅದಕ್ಕೆ ವಿದ್ಯುತ್ ಸ್ಪಂದನಗಳನ್ನು ಸಮವಾದ ಅಂತರದಲ್ಲಿ ಕಳುಹಿಸಿದರೆ ಸ್ವರ ಹೊರಡುವುದು. ಅಂತರ ಕಿರಿದಾದಂತೆ ಸ್ವರ ಏರುವುದು. ಜೆಫ್ ಹಿಲ್ ಎಂಬವರು ಈ ಉಪಾಯದಿಂದ ಜನಪ್ರಿಯ ಮಟ್ಟುಗಳನ್ನು ಯಂತ್ರದಿಂದ ನುಡಿಸಿದರು. 1951ರ ಆಗಸ್ಟ್ ತಿಂಗಳಲ್ಲಿ ಸಿಡ್ನಿಯಲ್ಲಿ ಸೇರಿದ್ದ ಸಮ್ಮೇಳನದಲ್ಲಿ ಅದನ್ನು ಸಭಿಕರು ಕೇಳಿದರು. ಆದರೆ ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಫೆರಾಂಟಿ ಯಂತ್ರಕ್ಕೆ ಕ್ರಿಸ್ಟೋಫರ್ ಸ್ಟ್ರೇಚಿ ಬ್ರಿಟಿಷ್ ರಾಷ್ಟ್ರಗೀತೆಯನ್ನು ಕಲಿಸಿದರು. ಅಲ್ಲಿ ನುಡಿದ ಮೂರು ಮಟ್ಟುಗಳನ್ನು ಬಿ.ಬಿ.ಸಿ. ಧ್ವನಿಮುದ್ರಿಸಿಕೊಂಡಿತು.

ಸಿಡ್ನಿಯ ನಾದ ಗಾಳಿಯಲ್ಲಿ ಕರಗಿತು. ಸೈರಾಕ್ ಯಂತ್ರದ ಸಂಗೀತ ಕ್ರಮವಿಧಿಗಳನ್ನು ಕೊರೆದಿದ್ದ ಕಾಗದದ ಪಟ್ಟಿಗಳು ಉಳಿದುಕೊಂಡವು. ಅವುಗಳ ಆಧಾರದಿಂದ ಪಾಲ್ ಡೋರ್ನ್‌ಬುಶ್ ಆ ಸಂಗೀತವನ್ನು ಪುನರ್ನಿರ್ಮಿಸಿ, 2005ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮ್ಯಾಂಚೆಸ್ಟರಿನ ಮುದ್ರಿಕೆ ಉಳಿಯಿತಾದರೂ ಅದರ ವೇಗ ಕೆಟ್ಟು, ಸ್ವರಗಳು ಸ್ಥಾನತಪ್ಪಿದ್ದವು. ಯಂತ್ರವು ಯಾವ ಯಾವ ಸ್ವರಗಳನ್ನು ಹೊರಡಿಸಬಲ್ಲುದಾಗಿತ್ತೆಂಬುದನ್ನು ಲೆಕ್ಕಹಾಕಿ, ಅದರಿಂದ ಮುದ್ರಿಕೆಯ ಸರಿಯಾದ ವೇಗವನ್ನು ಜ್ಯಾಕ್ ಕೋಪ್ಲೆಂಡ್ ಮತ್ತು ಜೇಸನ್ ಲಾಂಗ್ ನಿರ್ಧರಿಸಿದರು. ಅವರು ಶುದ್ಧಗೊಳಿಸಿದ ಮುದ್ರಿಕೆ 2016ರಲ್ಲಿ ಬೆಳಕಿಗೆ ಬಂದಿತು. ಒಂದು ಕಡೆ ಬರಹದಿಂದ ನಾದವನ್ನೂ, ಇನ್ನೊಂದು ಕಡೆ ಯಂತ್ರದ ಸ್ವಭಾವದಿಂದ ನಾದದ ಶುದ್ಧ ಪಾಠವನ್ನೂ ಸಾಧಿಸಬೇಕಾಯಿತು. ಹಸ್ತಪ್ರತಿಗಳ ಪಾಠಪರಿಷ್ಕರಣದಲ್ಲಿ ಪಳಗಿದವರಿಗೆ ಈ ಕೆಲಸ ಅಪರಿಚಿತವಲ್ಲ.

1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ‘ಮ್ಯೂಸಿಕ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಅದರಿಂದ ಹೊರಟ ಮೊದಲ ಕೃತಿಯ ಅವಧಿ 17 ಸೆಕೆಂಡು ಮಾತ್ರ. ಯಂತ್ರ ನ್ಯೂಯಾರ್ಕ್ ನಗರದಲ್ಲಿದ್ದಿತು. ಅಲ್ಲಿ ದೊರೆತ ಅಂಕಿಗಳ ಸುರುಳಿಯನ್ನು ನ್ಯೂಜೆರ್ಸಿಯ ಮರ್ರೇ ಹಿಲ್‌ಗೆ ಒಯ್ದು ನಾದವಾಗಿ ಪರಿವರ್ತಿಸಬೇಕಾಗಿತ್ತು. ಬರೆದುದಕ್ಕೂ ಕೇಳಿದುದಕ್ಕೂ ನಡುವೆ ಒಂದು ಪ್ರಯಾಣವೇ ಇದ್ದಿತು. ಅದೇ ಕಾಲದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲೆನಾರ್ಡ್ ಐಸಾಕ್ಸನ್ ಯಂತ್ರದಿಂದ ಸ್ವರಲಿಪಿಯನ್ನಷ್ಟೇ ಪಡೆದರು. ಅದನ್ನು ನಾಲ್ವರು ತಂತೀವಾದಕರು ನುಡಿಸಿದರು. ಎರಡು ಕಡೆಯೂ ಕ್ರಮವಿಧಿ ರಚನೆಯ ಸಾಧನವಾಗಿತ್ತೇ ಹೊರತು ವಾದನದ ಸಾಧನವಾಗಿರಲಿಲ್ಲ.

ಭಾರತಕ್ಕೆ ಸಂಬಂಧಿಸಿದ ಒಂದು ಪ್ರಯತ್ನವನ್ನು ಇಲ್ಲಿ ಸ್ಮರಿಸುವುದು ಉಚಿತ. 1980ರ ದಶಕದಲ್ಲಿ ಜೇಮ್ಸ್ ಕಿಪ್ಪೆನ್ ಲಖನೌ ಘರಾನಾದ ಉಸ್ತಾದ್ ಅಫಾಕ್ ಹುಸೇನ್ ಖಾನರಲ್ಲಿ ತಬಲಾ ಅಭ್ಯಾಸಮಾಡಿದರು. ಕಾಯ್ದಾಗಳ ವಿಸ್ತಾರದಲ್ಲಿ ಅಡಗಿದ್ದ ನಿಯಮಗಳನ್ನು ಅವರೂ ಬರ್ನಾರ್ಡ್ ಬೆಲ್ಲರೂ ‘ಬೋಲ್ ಪ್ರೊಸೆಸರ್’ ಎಂಬ ಕ್ರಮವಿಧಿಯಲ್ಲಿ ವ್ಯಾಕರಣದ ರೂಪದಲ್ಲಿ ಅಳವಡಿಸಿದರು. ಆ ನಿಯಮಗಳಂತೆ ಯಂತ್ರ ಹೊಸ ಬೋಲುಗಳನ್ನು ಬರೆದು ತೋರಿಸುವುದು. ಸಾಧು ಯಾವುದು, ಅಸಾಧು ಯಾವುದು ಎಂಬ ತೀರ್ಪು ಕಲಾವಿದರದು. ತೀರ್ಪಿಗೆ ಅನುಸಾರವಾಗಿ ವ್ಯಾಕರಣದ ತಿದ್ದುಪಡಿ. ಪ್ರಯೋಗಕ್ಕೆ ಪ್ರಮಾಣ ಶಿಷ್ಟರ ಕಿವಿಯೇ ಹೊರತು ನಿಯಮವಲ್ಲವೆಂಬ ನಮ್ಮ ವೈಯಾಕರಣರ ಮಾತು ಹೀಗೆ ಯಂತ್ರದ ಮುಂದೆಯೂ ನಿಂತಿತು.

ಕಾಲಕ್ರಮದಲ್ಲಿ ಯಂತ್ರಗಳು ವೇಗವಾದವು, ಕಿರಿದಾದವು. ಬರೆದ ಕ್ಷಣದಲ್ಲೇ ಕೇಳುವುದು ಸಾಧ್ಯವಾಯಿತು. 1996ರಲ್ಲಿ ಜೇಮ್ಸ್ ಮೆಕಾರ್ಟ್ನಿ ಪ್ರಕಟಿಸಿದ ‘ಸೂಪರ್‌ಕೊಲೈಡರ್’ ಈ ಮಾರ್ಗದ ಮುಖ್ಯ ಸಾಧನಗಳಲ್ಲೊಂದು. ನಡೆಯುತ್ತಿರುವ ಕ್ರಮವಿಧಿಯನ್ನು ಸಭೆಯೆದುರಿನಲ್ಲೇ ತಿದ್ದುತ್ತ, ತಿದ್ದಿದಂತೆ ನಾದವನ್ನು ಬದಲಿಸುವ ಪದ್ಧತಿಗೆ ‘ಲೈವ್ ಕೋಡಿಂಗ್’ ಎಂದು ಹೆಸರಾಯಿತು. 2004ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಈ ಕಲಾವಿದರು ‘ಟಾಪ್‌ಲ್ಯಾಪ್’ ಎಂಬ ಸಂಘವನ್ನು ಕಟ್ಟಿದರು. ವಾದಕನು ತನ್ನ ಪರದೆಯನ್ನು ಸಭಿಕರಿಗೆ ಮರೆಮಾಡಬಾರದೆಂಬುದು ಅವರ ಘೋಷಣೆ. ಅಲೆಕ್ಸ್ ಮೆಕ್ಲೀನರ ‘ಟೈಡಲ್‌ಸೈಕಲ್ಸ್’ ಇದೇ ಮಾರ್ಗದ್ದು. ಅದರ ಲಯಸಂಕೇತಗಳಿಗೆ ಬೋಲ್ ಪ್ರೊಸೆಸರಿನ ಋಣವಿದೆ. ತಬಲಾದ ಬೋಲುಗಳಿಗಾಗಿ ರೂಪುಗೊಂಡ ಬರವಣಿಗೆ ಯೂರೋಪಿನ ನೃತ್ಯಕೂಟಗಳನ್ನು ಸೇರಿದ ಈ ವೃತ್ತಾಂತ ನಮ್ಮಲ್ಲಿ ಇನ್ನೂ ಹೆಚ್ಚು ತಿಳಿದುಬರಬೇಕು.

ಇಷ್ಟಾದಮೇಲೂ ಇತಿಹಾಸಕಾರನ ತೊಡಕು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಕಚೇರಿ ಮುಗಿದಾಗ ಪರದೆಯ ಮೇಲೆ ಉಳಿಯುವುದು ಕೊನೆಯ ಪಾಠ ಮಾತ್ರ. ಬರೆದು ಅಳಿಸಿದ ಸಾಲುಗಳಲ್ಲೇ ಸಂಗೀತದ ಬಹುಭಾಗ ನಡೆದಿರುತ್ತದೆ. ಕೊನೆಯ ಪಾಠವನ್ನು ಕಾಪಾಡಿದವನು ಕೃತಿಯನ್ನು ಕಾಪಾಡಿದಂತಾಗದು. ಧ್ವನಿಮುದ್ರಿಕೆಯೊಂದನ್ನೇ ಇಟ್ಟವನಿಗೆ ಆ ನಾದ ಹೇಗೆ ಹುಟ್ಟಿತೆಂಬುದು ದೊರೆಯದು. ಆದುದರಿಂದ ಬರಹ, ನಾದ, ತಿದ್ದುಪಡಿಗಳ ಕಾಲಾನುಕ್ರಮ—ಈ ಮೂರನ್ನೂ ಕೂಡಿಯೇ ಸಂರಕ್ಷಿಸಬೇಕಾಗಿದೆ. 2012ರಲ್ಲಿ ಕೇಂಬ್ರಿಜಿನ ಸ್ಯಾಮ್ ಆರನ್ ಶಾಲಾಬಾಲಕರಿಗಾಗಿ ‘ಸೋನಿಕ್ ಪೈ’ ರಚಿಸಿದಂದಿನಿಂದ ಈ ಕಲೆ ಸಾಮಾನ್ಯ ವಿದ್ಯಾರ್ಥಿಯ ಕೈಗೂ ಎಟುಕಿದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಅಭ್ಯಾಸಮಾಡುವವರು ಆರಂಭದಿಂದಲೇ ಈ ಮೂರು ಆಕರಗಳನ್ನು ಕೂಡಿಸಿಡುವುದನ್ನು ರೂಢಿಮಾಡಿಕೊಳ್ಳಬೇಕು. ಸೈರಾಕ್ ಯಂತ್ರದ ಕಾಗದದ ಪಟ್ಟಿಗಳು ಉಳಿದುದು ಅದೃಷ್ಟ. ಅದೃಷ್ಟವನ್ನೇ ನಂಬಿ ಇತಿಹಾಸವನ್ನು ಬರೆಯಲಾಗದು.