ಪೆಟ್ರೋವಿಚ್ ಬೆಂಚ್ ಮೇಲಿದ್ದ ಒಂದೂವರೆ ವರ್ಷ

ಬೆಂಚ್ ಅನ್ನೋ ಪದ ನಮ್ಮ ಐಟಿಯವರಿಗೆ ಹೊಸದೇನಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತರಲ್ಲಿ ನಾನೂ ನಾಲ್ಕು ತಿಂಗಳು ಬೆಂಚಿನಲ್ಲಿದ್ದೆ. ಸಂಬಳ ಬರ್ತಿತ್ತು, ಕೆಲಸ ಇರಲಿಲ್ಲ. ಅಮ್ಮ ಫೋನ್ ಮಾಡಿ "ಕೆಲಸ ಹೇಗಿದೆಯಪ್ಪಾ?" ಅಂದ್ರೆ "ಚೆನ್ನಾಗಿದೆ" ಅಂತಿದ್ದೆ. ಡ್ರಾಜೆನ್ ಪೆಟ್ರೋವಿಚ್ ಬಗ್ಗೆ ನಾನು ಓದಿದ್ದು ಆಗಲೇ. ಬಾಸ್ಕೆಟ್‌ಬಾಲ್ ಆಟಗಾರರು ಒಂದು ದೇಶದ ಲೀಗ್‌ನಿಂದ ಇನ್ನೊಂದಕ್ಕೆ ಹೋಗಿ ಹೇಗೆ ಬೆಳೀತಾರೆ ಅನ್ನೋದಕ್ಕೆ ಇವತ್ತು ಅವನ ಕತೆಯನ್ನೇ ಹೇಳ್ತೀನಿ.

ಪೆಟ್ರೋವಿಚ್ ಹುಟ್ಟಿದ್ದು 1964ರಲ್ಲಿ, ಶಿಬೆನಿಕ್ ಅನ್ನೋ ಸಮುದ್ರ ತೀರದ ಊರಿನಲ್ಲಿ. ಆಗ ಅದು ಯುಗೋಸ್ಲಾವಿಯ, ಈಗ ಕ್ರೊಯೇಷಿಯ. ಅಮೆರಿಕದಲ್ಲಿ ಆಟಗಾರ ಹೈಸ್ಕೂಲು, ಕಾಲೇಜು ದಾಟಿ ಎನ್‌ಬಿಎಗೆ ಬರ್ತಾನೆ. ಅಂದ್ರೆ ತನ್ನ ವಯಸ್ಸಿನವರ ಜೊತೆಗೇ ಆಡಿ ಬೆಳೀತಾನೆ. ಯುಗೋಸ್ಲಾವಿಯದಲ್ಲಿ ಕ್ಲಬ್ಬೇ ಶಾಲೆ. ಹುಡುಗ ಕೈ ತೋರಿಸಿದರೆ ನೇರ ದೊಡ್ಡವರ ತಂಡಕ್ಕೆ. ಪೆಟ್ರೋವಿಚ್ 15ನೇ ವಯಸ್ಸಿಗೇ ಊರಿನ ಶಿಬೆಂಕಾ ಕ್ಲಬ್ಬಿನ ಹಿರಿಯರ ತಂಡದಲ್ಲಿದ್ದ. ಶಾಲೆಗೆ ಹೋಗುವ ಮೊದಲು, ನಸುಕಿನಲ್ಲೇ ಎದ್ದು 500 ಶಾಟ್ ಹೊಡೀತಿದ್ದ ಅಂತ ಅವನ ಬಗ್ಗೆ ಹೇಳುತ್ತಾರೆ.

1984ರಲ್ಲಿ ಜಾಗ್ರೆಬ್‌ನ ಸಿಬೋನಾ ಕ್ಲಬ್ ಸೇರಿದ. 1985 ಮತ್ತು 1986, ಎರಡೂ ವರ್ಷ ಸಿಬೋನಾ ಯುರೋಪಿನ ಚಾಂಪಿಯನ್. ಒಂದು ಲೀಗ್ ಪಂದ್ಯದಲ್ಲಿ ಒಬ್ಬನೇ 112 ಪಾಯಿಂಟ್ ಗಳಿಸಿದ್ದೂ ಉಂಟು. ಆವತ್ತು ಎದುರಿಗೆ ಇಳಿದಿದ್ದು ಎಳೆಯ ಹುಡುಗರ ತಂಡ ಅನ್ನೋದನ್ನೂ ಹೇಳಬೇಕು. ಆಮೇಲೆ ಸ್ಪೇನಿನ ರಿಯಲ್ ಮ್ಯಾಡ್ರಿಡ್. 1989ರ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ 62 ಪಾಯಿಂಟ್. ಯುರೋಪಿನಲ್ಲಿ ಅವನಿಗೆ ಸಾಟಿಯಾಗುವ ಗಾರ್ಡ್ ಹುಡುಕಿದರೂ ಸಿಗೋದು ಕಷ್ಟವಿತ್ತು.

ಅಂಥವನು 1989ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ತಂಡಕ್ಕೆ ಹೋದ. ಅಲ್ಲಿ ಬೆಂಚು!

ಕಾರಣ ನೋಡಿ. ಅವನ ಜಾಗದಲ್ಲಿ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್, ಟೆರ್ರಿ ಪೋರ್ಟರ್ ಇದ್ದರು. ಯುರೋಪಿನಲ್ಲಿ ಆಗ ಮೂರು ಪಾಯಿಂಟಿನ ಗೆರೆ 6.25 ಮೀಟರ್ ದೂರವಿತ್ತು, ಎನ್‌ಬಿಎಯಲ್ಲಿ 7.24 ಮೀಟರ್. ಯುರೋಪಿನಲ್ಲಿ ಜೋನ್ ಡಿಫೆನ್ಸ್ ಹಾಕಬಹುದಿತ್ತು. ಎನ್‌ಬಿಎಯಲ್ಲಿ ಆಗ ಅದು ನಿಷಿದ್ಧ, ನಿನ್ನ ಎದುರಾಳಿಯನ್ನು ನೀನೇ ತಡೀಬೇಕು. ಇವನ ಡಿಫೆನ್ಸ್ ಮೇಲೆ ನಂಬಿಕೆ ಇರಲಿಲ್ಲ. ಇನ್ನೊಂದು ವಿಷಯ: ಇಷ್ಟು ವರ್ಷ ಬಾಲ್ ಇವನ ಕೈಯಲ್ಲೇ ಇರ್ತಿತ್ತು. ಇಲ್ಲಿ ಅದನ್ನು ಕೊಡೋರು ಯಾರು?

ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 12 ನಿಮಿಷ ಆಟ. ತಂಡ 1990ರಲ್ಲಿ ಫೈನಲ್‌ವರೆಗೂ ಹೋಯ್ತು. ಎರಡನೇ ವರ್ಷ ಡ್ಯಾನಿ ಏಂಜ್ ಬಂದ ಮೇಲೆ 7 ನಿಮಿಷಕ್ಕಿಳಿಯಿತು. ಸಂಬಳಕ್ಕೆ ತೊಂದರೆ ಇರಲಿಲ್ಲ, ಸುಮ್ಮನೆ ಕೂರಬಹುದಿತ್ತು. ಅವನು ನನ್ನನ್ನು ಬೇರೆ ಕಡೆ ಕಳಿಸಿ ಅಂದ.

1991ರ ಜನವರಿಯಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ಹೋದ. ಆ ಸೀಸನ್ನಿನ 82 ಪಂದ್ಯದಲ್ಲಿ ಬರೀ 26 ಗೆದ್ದ ತಂಡ ಅದು. ಆದರೆ ಅಲ್ಲಿ ಆಡಲು ಬಿಟ್ಟರು. ವೇಯ್ಟ್ಸ್ ಎತ್ತಿ ಮೈ ಗಟ್ಟಿ ಮಾಡಿಕೊಂಡ. ಬಾಲ್ ಇಲ್ಲದೇನೆ ಓಡೋದು, ಜೊತೆಗಾರ ಅಡ್ಡ ನಿಂತಾಗ ಅವನ ಮರೆಯಿಂದ ನುಗ್ಗಿ ಬಂದು, ಬಾಲ್ ಸಿಕ್ಕ ಕ್ಷಣವೇ ಶಾಟ್ ಹೊಡೆಯೋದು ರೂಢಿಯಾಯ್ತು. 1991-92ರಲ್ಲಿ ಪಂದ್ಯಕ್ಕೆ 20.6 ಪಾಯಿಂಟ್, ಮರುವರ್ಷ 22.3. ದೂರ ಅಂತ ಅನ್ನಿಸಿದ್ದ ಆ ಗೆರೆಯ ಆಚೆಯಿಂದ 44 ಶೇಕಡಾಕ್ಕಿಂತ ಹೆಚ್ಚು ಶಾಟ್ ಒಳಗೆ. ತಂಡ ಎರಡೂ ವರ್ಷ ಪ್ಲೇಆಫ್ ತಲುಪಿತು. 1993ರಲ್ಲಿ ಅವನು ಆಲ್-ಎನ್‌ಬಿಎ ಮೂರನೇ ತಂಡದಲ್ಲಿದ್ದ.

ಅದೇ ವರ್ಷ ಜೂನ್ 7ರಂದು ಜರ್ಮನಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 28.

ಅವನ ನಂತರದವರ ದಾರಿ ಬೇರೆ. ಸರ್ಬಿಯದ ನಿಕೋಲಾ ಯೋಕಿಚ್‌ನನ್ನು 2014ರಲ್ಲಿ ಡೆನ್ವರ್ ತಂಡ 41ನೆಯವನಾಗಿ ಆರಿಸಿತು. ಅವನು ತಕ್ಷಣ ಹೋಗಲಿಲ್ಲ. ಇನ್ನೊಂದು ವರ್ಷ ತನ್ನ ಮೆಗಾ ಕ್ಲಬ್ಬಿನಲ್ಲೇ ಆಡಿ, ಆಡ್ರಿಯಾಟಿಕ್ ಲೀಗ್‌ನ ಅತ್ಯುತ್ತಮ ಆಟಗಾರನಾಗಿ, 2015ರಲ್ಲಿ ಹೊರಟ. ಆಮೇಲೆ ಮೂರು ಸಲ ಎನ್‌ಬಿಎ ಎಂವಿಪಿ, 2023ರಲ್ಲಿ ಚಾಂಪಿಯನ್. ಸ್ಲೊವೇನಿಯದ ಲೂಕಾ ಡಾನ್ಚಿಚ್ 13ಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿ, 16ಕ್ಕೆ ದೊಡ್ಡವರ ತಂಡದಲ್ಲಿ ಆಡಿ, 19ಕ್ಕೆ ಯುರೋಲೀಗ್ ಗೆದ್ದ ಮೇಲೆಯೇ ಅಮೆರಿಕಕ್ಕೆ ಹೋಗಿದ್ದು.

ನನಗೆ ಅರ್ಥವಾಗಿದ್ದು ಇಷ್ಟು: ಲೀಗ್ ಎಷ್ಟು ದೊಡ್ಡದು ಅನ್ನೋದಕ್ಕಿಂತ, ಅಲ್ಲಿ ಎಷ್ಟು ನಿಮಿಷ ಆಡಿಸ್ತಾರೆ ಅನ್ನೋದು ಮುಖ್ಯ. ಏನು ಕಲೀಬೇಕು ಅಂತ ಬೆಂಚ್ ತೋರಿಸಿಕೊಡಬಹುದು. ಕಲಿಯೋದಕ್ಕೆ ಅಂಗಳಕ್ಕೆ ಇಳೀಬೇಕು, ನಾಲ್ಕು ಜನರೆದುರು ತಪ್ಪು ಮಾಡಬೇಕು.

ಐದನೇ ತಿಂಗಳು ನಾನು ಯಾರೂ ಬೇಡ ಅಂತಿದ್ದ ಒಂದು ಸಪೋರ್ಟ್ ಪ್ರಾಜೆಕ್ಟ್ ಕೇಳಿ ತಗೊಂಡೆ. ನೈಟ್ ಶಿಫ್ಟ್, ಹಳೇ ಕೋಡು. ಇವತ್ತು ನನಗೆ ಬರೋ ಕೆಲಸದಲ್ಲಿ ಅರ್ಧ ಅಲ್ಲೇ ಕಲಿತದ್ದು. ಆವತ್ತು ರಾತ್ರಿ ಅಮ್ಮನಿಗೆ ನಾನೇ ಫೋನ್ ಮಾಡಿದೆ.