ಕಣ್ಣಿನೊಳಗೆ ಕೈ ನಡುಗದಂತೆ

ಮನುಷ್ಯನ ಕೈ ಎಷ್ಟೇ ಪಳಗಿದ್ದರೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಬೆರಳ ತುದಿಯಲ್ಲಿ ಸದಾ ಒಂದು ಸಣ್ಣ ಕಂಪನ ಇದ್ದೇ ಇರುತ್ತದೆ. ಅದರ ಅಳತೆ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬಡಗಿಗೆ ಇದು ಲೆಕ್ಕಕ್ಕೆ ಬಾರದು. ಕಣ್ಣಿನೊಳಗೆ ಕೆಲಸ ಮಾಡುವ ವೈದ್ಯರಿಗೆ ಮಾತ್ರ ದೊಡ್ಡ ಅಡ್ಡಿ.

ಕರ್ನಾಟಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಮೊದಲು ನೆನಪಾಗುವವರು ಬೀಳಗಿಯ ಡಾ. ಎಂ.ಸಿ. ಮೋದಿ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ 1896ರಲ್ಲೇ ಆರಂಭವಾಗಿದ್ದರೂ, ಕಣ್ಣು ಕಾಣದ ಹಳ್ಳಿಗರಿಗೆ ಬೆಂಗಳೂರು ದೂರವೇ ಆಗಿತ್ತು. ಮೋದಿಯವರು ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ದರು. ಊರೂರಿನ ಶಿಬಿರಗಳಲ್ಲಿ ಸಾಲಾಗಿ ಮಲಗಿದ ರೋಗಿಗಳ ಪೊರೆ ತೆಗೆಯುತ್ತಾ ಹೋದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆ ಪುಸ್ತಕ ಸೇರಿತು. 1993ರ ವೇಳೆಗೆ ಒಟ್ಟು ಸಂಖ್ಯೆ ಆರು ಲಕ್ಷ ದಾಟಿತ್ತೆಂದು ಅದೇ ಪುಸ್ತಕ ಹೇಳುತ್ತದೆ. 2005ರಲ್ಲಿ ಅವರು ನಿಧನರಾದರು.

ಪೊರೆ ಕಟ್ಟುವುದು ಕಣ್ಣಿನ ಮುಂಭಾಗದ ಮಸೂರದಲ್ಲಿ. ಅದು ನಾಲ್ಕೈದು ಮಿಲಿಮೀಟರ್ ದಪ್ಪವಿರುವುದರಿಂದ ಪಳಗಿದ ಕೈಗೆ ನಿಲುಕುತ್ತದೆ. ಹಿಂಭಾಗದಲ್ಲಿರುವ ಅಕ್ಷಿಪಟಲದ, ಅಂದರೆ ರೆಟಿನಾದ ಮಾತು ಬೇರೆ. ಅಲ್ಲಿಯ ರಕ್ತನಾಳದ ದಪ್ಪ ಹೆಚ್ಚುಕಡಿಮೆ ಕೈಯ ಕಂಪನದಷ್ಟೇ. ಕೆಲವೊಮ್ಮೆ ಬಿಡಿಸಬೇಕಾದ ಪದರವಂತೂ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳು.

2016ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪ್ರೊ. ರಾಬರ್ಟ್ ಮೆಕ್‌ಲಾರೆನ್ ಅಂಥದೊಂದು ಪದರವನ್ನು ರೋಬೋಟ್ ನೆರವಿನಿಂದ ಬಿಡಿಸಿದರು. ಮನುಷ್ಯನ ಕಣ್ಣಿನೊಳಗೆ ರೋಬೋಟ್ ಬಳಸಿದ್ದು ಅದೇ ಮೊದಲು. ಯಂತ್ರ ನೆದರ್‌ಲೆಂಡ್ಸ್‌ನಲ್ಲಿ ರೂಪುಗೊಂಡದ್ದು. ಮರುವರ್ಷ ಬೆಲ್ಜಿಯಂನ ಲೂವೆನ್‌ನಲ್ಲಿ ಬೇರೊಂದು ರೋಬೋಟ್ ಬಳಸಿ, ಅಕ್ಷಿಪಟಲದ ರಕ್ತನಾಳಕ್ಕೇ ಸೂಜಿ ಇಳಿಸಿ ಔಷಧಿ ಕೊಟ್ಟರು.

ರೋಬೋಟ್ ಎಂದೊಡನೆ ವೈದ್ಯರನ್ನು ಹೊರಗಟ್ಟಿ ತಾನೇ ಕತ್ತರಿ ಹಿಡಿಯುವ ಯಂತ್ರಮಾನವನನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಆಕ್ಸ್‌ಫರ್ಡ್‌ನಲ್ಲಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಒಂದು ಹಿಡಿಯನ್ನು ಅಲುಗಿಸುತ್ತಿದ್ದರು. ಕಂಪ್ಯೂಟರ್ ಆ ಚಲನೆಯಿಂದ ನಡುಕವನ್ನು ಸೋಸಿ, ಉಳಿದದ್ದನ್ನು ಬಲು ಚಿಕ್ಕದಾಗಿಸಿ ಉಪಕರಣದ ತುದಿಗೆ ಕಳಿಸುತ್ತಿತ್ತು. ನಿರ್ಧಾರ ವೈದ್ಯರದು, ಸ್ಥಿರತೆ ಯಂತ್ರದ್ದು.

ಆದರೆ ಈ ಸ್ಥಿರತೆಗೆ ಬೆಲೆಯಿದೆ. 12 ರೋಗಿಗಳ ಮೇಲೆ ನಡೆದ ಆಕ್ಸ್‌ಫರ್ಡ್ ಪ್ರಯೋಗದ ವರದಿ 2018ರಲ್ಲಿ ಪ್ರಕಟವಾಯಿತು. ಆರು ಮಂದಿಗೆ ರೋಬೋಟ್, ಆರು ಮಂದಿಗೆ ಬರಿಗೈ. ಫಲಿತಾಂಶ ಎರಡರಲ್ಲೂ ಚೆನ್ನಾಗಿತ್ತು. ರೋಬೋಟಿಗೆ ಮಾತ್ರ ಹೆಚ್ಚು ಹೊತ್ತು ಹಿಡಿಯಿತು.

ನಮ್ಮಲ್ಲಿ ಈ ಹೊತ್ತಿನ ಲೆಕ್ಕ ಸಣ್ಣದಲ್ಲ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಚೇರಿಗಳು. ಪಕ್ಕದ ಕುಂದಲಹಳ್ಳಿ ಗೇಟ್ ಬಳಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ಹಳ್ಳಿಗಳಲ್ಲಿ ತಪಾಸಣಾ ಶಿಬಿರ ನಡೆಸಿ, ಬಡ ರೋಗಿಗಳನ್ನು ಕರೆತಂದು ಉಚಿತವಾಗಿ ಪೊರೆ ತೆಗೆಯುವ ಸಂಸ್ಥೆ ಅದು. ಮೋದಿಯವರ ದಾರಿಯ ಮುಂದುವರಿಕೆ ಎನ್ನಬಹುದು. ಸಾಲು ಉದ್ದವಿರುವ ಕಡೆ ನಿಧಾನದ, ದುಬಾರಿ ಯಂತ್ರಕ್ಕೆ ಜಾಗ ಸಿಗುವುದು ಸುಲಭವಲ್ಲ.

ಹಾಗೆಂದು ಅದು ಬೇಡವೆನ್ನಲಾಗದು. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನೇ ಕೆಡಿಸುತ್ತದೆ, ಅದು ಹಳ್ಳಿಗೂ ಕಾಲಿಟ್ಟಿದೆ. ಕೈಗೆ ನಿಲುಕದ್ದನ್ನು ಯಂತ್ರ ಮಾಡಿತೆಂಬುದು ಅರ್ಧ ಕಥೆ ಮಾತ್ರ. ಶಿಬಿರದ ಸಾಲಿನಲ್ಲಿ ಕೊನೆಗೆ ಕುಳಿತವರಿಗೂ ಅದು ಸಿಕ್ಕಾಗ ಉಳಿದರ್ಧ ಪೂರ್ತಿಯಾಗುತ್ತದೆ.